ಅದಿರು ಲಾರಿಗಳ ದಾರಿಯಲ್ಲಿ ಅಡಾಸ್ ಕಾರು: ವರ್ಷ ದಾಟಿದ ಮೇಲಿನ ಅನಿಸಿಕೆ

ಬಳ್ಳಾರಿ, ತೋರಣಗಲ್ಲು, ಹೊಸಪೇಟೆ ರಸ್ತೆಯಲ್ಲಿ ದಿನಾ ಓಡಾಡೋರಿಗೆ ಅಡಾಸ್ (ಮುಂದಿನ ದಾರಿ ಗಮನಿಸಿ ಎಚ್ಚರಿಸೋ, ಬೇಕಾದಾಗ ತಾನೇ ಬ್ರೇಕ್ ಹಾಕೋ ಚಾಲಕ ಸಹಾಯ ವ್ಯವಸ್ಥೆ) ಇರೋ ಕಾರು ಬೇಕಾ ಅಂತ ಕೇಳಿದರೆ ಬೇಕು ಅಂತೀನಿ. ಆದರೆ ಶೋರೂಮಿನಲ್ಲಿ ಹೇಳೋ ಕಾರಣಕ್ಕಲ್ಲ.

ಅಲ್ಲಿ ಹೊಗಳೋದು ಲೇನ್ ಹಿಡಿದು ಹೋಗೋ ಸೌಲಭ್ಯವನ್ನ. ನಮ್ಮ ಊರಿನ ಅರ್ಧ ರಸ್ತೆಗೆ ಗೆರೆಯೇ ಇಲ್ಲ. ಅದನ್ನ ಆಫ್ ಮಾಡಿಟ್ಟಿದ್ದೀನಿ.

ನಿಜವಾಗಿ ದುಡ್ಡು ವಸೂಲಾಗಿದ್ದು ಅದಿರು ಲಾರಿ ಹಿಂದೆ. ಹಿಂದಿನ ಲೈಟಿನ ಮೇಲೆ ಕೆಂಪು ದೂಳು ಮೆತ್ತಿಕೊಂಡು ಡ್ರೈವರ್ ಬ್ರೇಕ್ ಒತ್ತಿದ್ದು ನಮಗೆ ಕಾಣೋದೇ ಇಲ್ಲ. ಬಂಪರ್ ಹಿಂದಿರೋ ರೇಡಾರಿಗೆ ಲೈಟ್ ಬೇಕಿಲ್ಲ. ಅದು ಬಿಡೋ 77 ಗಿಗಾಹರ್ಟ್ಸ್ ಅಲೆ ಲಾರಿಗೆ ಬಡಿದು ವಾಪಸ್ ಬರುವಾಗ ಆವರ್ತನ ಸ್ವಲ್ಪ ಬದಲಾಗಿರುತ್ತೆ. ಡಾಪ್ಲರ್ ಪರಿಣಾಮ ಅಂತ ಕಾಲೇಜಿನಲ್ಲಿ ಓದಿದ್ವಲ್ಲ, ಅದೇ. ಆ ಬದಲಾವಣೆಯಿಂದ ಲಾರಿ ಎಷ್ಟು ವೇಗವಾಗಿ ಹತ್ತಿರ ಆಗ್ತಿದೆ ಅಂತ ಕಾರಿಗೆ ಗೊತ್ತಾಗುತ್ತೆ. ಹಾಗಾಗಿ ಲಾರಿ ನಿಧಾನ ಆಗ್ತಿದ್ದಂಗೇ ಕ್ರೂಸ್‌ನಲ್ಲಿರೋ (ಅಂದರೆ ಇಟ್ಟ ವೇಗವನ್ನ ತಾನೇ ಕಾಯ್ದುಕೊಂಡು ಹೋಗ್ತಿರೋ) ನನ್ನ ಕಾರೂ ವೇಗ ಇಳಿಸುತ್ತೆ. ದೂಳು, ಮಂಜು ಇದ್ದರೂ ರೇಡಾರಿಗೆ ಅಷ್ಟಾಗಿ ತೊಂದರೆ ಇಲ್ಲ.

ಎದುರಿಗಿರೋದು ಏನು ಅಂತ ಹೇಳೋದು ಮಾತ್ರ ಅದರ ಕೈಲಾಗಲ್ಲ. ಮುಂಗಾಜಿನ ಒಳಗೆ, ಕನ್ನಡಿ ಹತ್ತಿರ ಕೂತಿರೋ ಕ್ಯಾಮೆರಾ ಆಕಾರ ನೋಡಿ ಕಾರೋ, ಬೈಕೋ, ಮನುಷ್ಯನೋ ಅಂತ ಗುರುತಿಸಬೇಕು. ನಿಂತ ವಸ್ತುಗಳ ವಿಷಯದಲ್ಲಂತೂ ಇದು ಮುಖ್ಯ. ಸೇತುವೆ, ಬೋರ್ಡು, ತಡೆಕಂಬಿ ಎಲ್ಲದರಿಂದಲೂ ಅಲೆ ವಾಪಸ್ ಬರುತ್ತೆ. ಎಲ್ಲಕ್ಕೂ ಬ್ರೇಕ್ ಹಾಕ್ತಾ ಹೋದರೆ ಗಾಡಿ ಓಡಿಸೋಕಾಗಲ್ಲ. ಅದಕ್ಕೇ ರೇಡಾರ್, ಕ್ಯಾಮೆರಾ ಇಬ್ಬರ ಲೆಕ್ಕ ತಾಳೆಯಾದ ಮೇಲೇ ಜೋರು ಬ್ರೇಕ್.

ತಾಳೆಯಾಗದ ಜಾಗ ಸಿರುಗುಪ್ಪ ರಸ್ತೆ. ಭತ್ತದ ಕಟಾವು ಮುಗಿದಾಗ ರಾತ್ರಿ ಹುಲ್ಲು ಹೇರಿಕೊಂಡು ಬರೋ ಟ್ರ್ಯಾಕ್ಟರ್ ನೋಡಿ: ಎರಡೂ ಕಡೆ ಹುಲ್ಲು ನೆಲಕ್ಕೆ ತಾಗೋ ಹಾಗೆ ಜೋತಿರುತ್ತೆ, ಟ್ರೇಲರ್ ಚಕ್ರವೂ ಕಾಣಲ್ಲ, ಲೈಟೂ ಕಾಣಲ್ಲ. ಒಣ ಹುಲ್ಲು ಕಬ್ಬಿಣದಷ್ಟು ಅಲೆ ವಾಪಸ್ ಕಳಿಸಲ್ಲ. ಕ್ಯಾಮೆರಾಗೆ ಅದು ಗಾಡಿ ಅಂತ ಅನ್ನಿಸೋದೂ ಕಷ್ಟ. ಮೀಟರಿನ ಪರದೆಯಲ್ಲಿ ಮುಂದಿನ ಗಾಡಿಯ ಚಿತ್ರ ಮೂಡಲೇ ಇಲ್ಲ, ಬೀಪೂ ಇಲ್ಲ. ಆ ದಾರಿಯಲ್ಲಿ ರಾತ್ರಿ ಕ್ರೂಸ್ ಹಾಕೋದೇ ಇಲ್ಲ.

ಇನ್ನು ನಿರ್ವಹಣೆ. ಕ್ಯಾಮೆರಾ ಎದುರಿನ ಗಾಜನ್ನ ನೀರು ಹಾಕಿಯೇ ಒರೆಸಿ. ಅದಿರಿನ ದೂಳು ಒಣಗಿದ್ದಾಗ ವೈಪರ್ ಎಳೆದರೆ ಗೀರು ಬೀಳುತ್ತೆ. ರೇಡಾರ್ ಎದುರು ಕಬ್ಬಿಣದ ಗಾರ್ಡ್ ಹಾಕಿಸಬೇಡಿ. ಲಾರಿಯಿಂದ ಸಿಡಿದ ಕಲ್ಲಿಗೆ ನನ್ನ ಮುಂಗಾಜು ಬಿರುಕು ಬಿಟ್ಟಿತ್ತು. ಗಾಜು ಹಾಕಿದವನು "ಕ್ಯಾಮೆರಾ ಹಂಗೇ ಕೂರಿಸೀನ್ರಿ, ಏನೂ ಆಗಲ್ಲ" ಅಂದ. ಆಗುತ್ತೆ. ಕ್ಯಾಮೆರಾ ಕೂದಲೆಳೆಯಷ್ಟು ವಾಲಿದರೂ ದೂರದಲ್ಲಿ ಪಕ್ಕದ ಲೇನಿನ ಗಾಡಿ ನಮ್ಮ ಲೇನಿನದು ಅನ್ನಿಸಬಹುದು. ಸರ್ವಿಸ್ ಸೆಂಟರಿನಲ್ಲಿ ಎದುರಿಗೆ ಗುರುತಿನ ಬೋರ್ಡ್ ನಿಲ್ಲಿಸಿ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾದ ನೋಟ ಮತ್ತೆ ಸರಿಹೊಂದಿಸೋ ಕೆಲಸ, ಮಾಡಿಸಿದೆ. ವಿಮೆ ಮಾಡಿಸುವಾಗ ಈ ಖರ್ಚೂ ಸೇರುತ್ತಾ ಅಂತ ಕೇಳಿ.

ಕೊಳ್ಳೋ ಮುಂಚೆ ಮತ್ತೊಂದು ವಿಚಾರಿಸಿ. ಎಲ್ಲ ಅಡಾಸ್ ಒಂದೇ ಅಲ್ಲ: ಮಹೀಂದ್ರಾ ಎಕ್ಸ್‌ಯುವಿ700ರಲ್ಲಿ ರೇಡಾರ್, ಕ್ಯಾಮೆರಾ ಎರಡೂ ಇವೆ, ಹೋಂಡಾ ಎಲಿವೇಟ್‌ನದು ಕ್ಯಾಮೆರಾ ಒಂದನ್ನೇ ನಂಬಿದ್ದು. ನಮ್ಮ ಕಡೆ ದೂಳಿಗೆ ನಾನಾದರೆ ಎರಡೂ ಇರೋದನ್ನೇ ತಗೋತೀನಿ.