ಟ್ಯಾಲಿಪ್ರೈಮ್‌ನಲ್ಲಿ ಸಪ್ಲೈಯರ್ ದಾಖಲೆ: ಜಾಗ ಬೇಕಾದಷ್ಟಿದೆ, ಕಾವಲು ಕಡಿಮೆ

ಪೀಣ್ಯದಲ್ಲಾಗಲಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಸಣ್ಣ ಕಾರ್ಖಾನೆಯ ಅಕೌಂಟ್ಸ್ ಟೇಬಲ್ ಮೇಲೆ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ (ಅದರ ಈಗಿನ ರೂಪವೇ ಟ್ಯಾಲಿಪ್ರೈಮ್) ಇಲ್ಲದಿರುವುದು ಅಪರೂಪ. ಬಿಲ್ ಹಾಕಲು, ರಿಟರ್ನ್ ಫೈಲ್ ಮಾಡಲು ಅದು ಹೇಗಿದೆ ಎನ್ನುವುದು ಎಲ್ಲರಿಗೂ ಗೊತ್ತು. ಇಲ್ಲಿ ಪರೀಕ್ಷಿಸಿರುವುದು ಒಂದೇ ವಿಷಯ. ಸಪ್ಲೈಯರ್‌ಗಳ ಹೆಸರು, ವಿಳಾಸ, ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ), ಪ್ಯಾನ್, ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಸಂಖ್ಯೆ, ಬ್ಯಾಂಕ್ ಖಾತೆ ಇವೆಲ್ಲ ತಪ್ಪಿಲ್ಲದೆ, ಹಳತಾಗದೆ ಇರಲು ಟ್ಯಾಲಿಪ್ರೈಮ್ ಸಾಕೇ, ಅಥವಾ ಇದಕ್ಕೆಂದೇ ಬೇರೆ ಸಾಫ್ಟ್‌ವೇರ್ ಕೊಳ್ಳಬೇಕೇ?

ಇನ್ನೂರು ಮುನ್ನೂರು ಸಪ್ಲೈಯರ್ ಇರುವ ಕಂಪನಿಗೆ ಖಂಡಿತ ಸಾಕು. ಬೇಕಾದ ಕಾಲಂಗಳೆಲ್ಲ ಲೆಡ್ಜರ್‌ನಲ್ಲಿ, ಅಂದರೆ ಪ್ರತಿ ಪಾರ್ಟಿಗೆ ತೆರೆಯುವ ಖಾತೆಯ ಪುಟದಲ್ಲಿ, ಇವೆ, 2023ರ 3.0 ಆವೃತ್ತಿ ಬಂದ ಮೇಲಂತೂ ಕೊರತೆ ಇನ್ನೂ ಕಡಿಮೆಯಾಗಿದೆ. ಆದರೆ ಆ ಕಾಲಂಗಳಿಗೆ ಏನು ತುಂಬಿದರೂ ಟ್ಯಾಲಿ ಹೆಚ್ಚುಕಮ್ಮಿ ಒಪ್ಪಿಕೊಳ್ಳುತ್ತದೆ. ಖಾಲಿ ಬಿಟ್ಟರೂ ಒಪ್ಪಿಕೊಳ್ಳುತ್ತದೆ. ತಡೆದು ಕೇಳುವ ಕೆಲಸ ಆಫೀಸಿನಲ್ಲಿ ಯಾರಾದರೊಬ್ಬರು ಮಾಡಲೇಬೇಕು.

ದಾಖಲೆ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಪರ್ಚೇಸ್ ಎಂಟ್ರಿ ನಡೆಯುತ್ತಿರುತ್ತದೆ, ಪಾರ್ಟಿ ಹೆಸರು ಪಟ್ಟಿಯಲ್ಲಿ ಸಿಗುವುದಿಲ್ಲ. ಆಪರೇಟರ್ ಅಲ್ಲೇ ಆಲ್ಟ್+ಸಿ ಒತ್ತಿ, ಹೆಸರು ಟೈಪ್ ಮಾಡಿ, ಸಂಡ್ರಿ ಕ್ರೆಡಿಟರ್ಸ್ (ನಾವು ಹಣ ಕೊಡಬೇಕಾದವರ) ಗುಂಪು ಆರಿಸಿ, ಕಂಟ್ರೋಲ್+ಎ ಒತ್ತಿ ಸೇವ್ ಮಾಡುತ್ತಾರೆ. ಹತ್ತು ಸೆಕೆಂಡಿನಲ್ಲಿ ವಿಳಾಸವಿಲ್ಲದ, ಪ್ಯಾನ್ ಇಲ್ಲದ, ಕ್ರೆಡಿಟ್ ದಿನಗಳಿಲ್ಲದ ಲೆಡ್ಜರ್ ಹುಟ್ಟುತ್ತದೆ. ಆಮೇಲೆ ತುಂಬೋಣ ಎಂದುಕೊಂಡದ್ದು ಆಡಿಟ್ ಬರುವವರೆಗೂ ಹಾಗೇ ಉಳಿಯುತ್ತದೆ. ಈ ಅನುಕೂಲವನ್ನು ಎಂಟ್ರಿ ಮಾಡುವವರಿಂದ ತೆಗೆದುಬಿಡುವುದೇ ಮೊದಲ ಕೆಲಸ. ಯೂಸರ್ ರೋಲ್‌ನಲ್ಲಿ ಅವರಿಗೆ ವೋಚರ್ (ಖರೀದಿ, ಪಾವತಿಗಳ ಎಂಟ್ರಿ) ಹಾಕುವ ಹಕ್ಕು ಕೊಟ್ಟು, ಲೆಡ್ಜರ್ ತೆರೆಯುವ ಮತ್ತು ತಿದ್ದುವ ಹಕ್ಕು ನಿಲ್ಲಿಸಿ. ಆ ಹಕ್ಕು ಒಬ್ಬರಿಗೆ, ಅವರು ರಜೆ ಹಾಕಿದಾಗ ಇನ್ನೊಬ್ಬರಿಗೆ, ಅಷ್ಟೇ ಇರಲಿ.

ಲೆಡ್ಜರ್ ತೆರೆಯುವ ಮುನ್ನ ಕೈಗೆ ಬರಬೇಕಾದ ಕಾಗದಗಳು ಐದು: ಜಿಎಸ್‌ಟಿ ನೋಂದಣಿ ಪ್ರಮಾಣಪತ್ರ, ಪ್ಯಾನ್ ಪ್ರತಿ, ಕ್ಯಾನ್ಸಲ್ ಮಾಡಿದ ಚೆಕ್, ಉದ್ಯಮ್ ಪ್ರಮಾಣಪತ್ರ ಇದ್ದರೆ ಅದು, ಮತ್ತು ಹಣದ ವಿಷಯ ಮಾತಾಡುವವರ ಹೆಸರು, ಫೋನ್ ನಂಬರ್ ಬರೆದು ಸೀಲ್ ಹಾಕಿದ ಒಂದು ಹಾಳೆ. ಕೊನೆಯದನ್ನು ಬಹಳ ಕಡೆ ಕೇಳುವುದೇ ಇಲ್ಲ, ಅದರ ಬೆಲೆ ಬ್ಯಾಂಕ್ ಖಾತೆ ಬದಲಾದಾಗ ತಿಳಿಯುತ್ತದೆ. ಟ್ಯಾಲಿ ಕಡೆಯಿಂದ ಒಂದು ತಯಾರಿ: ಲೆಡ್ಜರ್ ಪುಟದಲ್ಲಿ ಎಫ್12 ಒತ್ತಿ ಬ್ಯಾಂಕ್ ವಿವರ, ಸಂಪರ್ಕ ವಿವರ ಮುಂತಾದವು ಕಾಣುವಂತೆ ಮಾಡಿಕೊಳ್ಳಿ. ಹಲವು ಕಾಲಂಗಳು ಮೊದಲು ಮುಚ್ಚಿರುತ್ತವೆ, ಹಾಗಾಗಿ ಟ್ಯಾಲಿಯಲ್ಲಿ ಆ ಸೌಲಭ್ಯವೇ ಇಲ್ಲ ಎಂದು ಎಕ್ಸೆಲ್‌ನಲ್ಲಿ ಬೇರೆ ಪಟ್ಟಿ ಇಟ್ಟುಕೊಂಡ ಆಫೀಸುಗಳಿವೆ. ಎರಡು ಕಡೆ ಪಟ್ಟಿ ಇದ್ದರೆ ಎರಡೂ ಹಳತಾಗುತ್ತವೆ.

ಜಿಎಸ್‌ಟಿಐಎನ್ ವಿಷಯದಲ್ಲಿ ಟ್ಯಾಲಿಗೆ ಒಳ್ಳೆಯ ಅಂಕ ಕೊಡಬಹುದು. ಹೊಸ ಆವೃತ್ತಿಗಳಲ್ಲಿ ನಂಬರ್ ಕೊಟ್ಟರೆ ಪೋರ್ಟಲ್‌ನಿಂದಲೇ ಹೆಸರು, ವಿಳಾಸ ಎಳೆದುಕೊಳ್ಳುತ್ತದೆ, ಟೈಪಿಂಗ್ ತಪ್ಪಿಗೆ ಅವಕಾಶ ಕಡಿಮೆ. ಹಳೆಯ ಆವೃತ್ತಿ ಇದ್ದವರು ಜಿಎಸ್‌ಟಿ ಪೋರ್ಟಲ್‌ನ ತೆರಿಗೆದಾರರ ಹುಡುಕಾಟದಲ್ಲಿ ನೋಡಿ ಮೂರು ಸಂಗತಿ ತಾಳೆ ಹಾಕಬೇಕು: ಕಾನೂನುಬದ್ಧ ಹೆಸರು, ರೆಗ್ಯುಲರ್ ಅಥವಾ ಕಾಂಪೋಸಿಷನ್ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ), ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ.

ಆ 15 ಅಕ್ಷರಗಳನ್ನು ಓದಲು ಕಲಿತರೆ ಅರ್ಧ ತಪ್ಪು ಕಣ್ಣಿಗೇ ಸಿಗುತ್ತದೆ. ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಮೂರರಿಂದ ಹನ್ನೆರಡರವರೆಗೆ ಪ್ಯಾನ್. ಪ್ಯಾನ್‌ನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿಐಎನ್‌ನ ಆರನೇ ಅಕ್ಷರ, ಮಾಲೀಕತ್ವ ಹೇಳುತ್ತದೆ: ‘ಪಿ’ ವ್ಯಕ್ತಿ, ‘ಎಚ್’ ಅವಿಭಕ್ತ ಕುಟುಂಬ, ‘ಎಫ್’ ಪಾಲುದಾರಿಕೆ, ‘ಸಿ’ ಕಂಪನಿ. ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್‌ನಂಥ ಜಾಬ್‌ವರ್ಕ್ ಪಾರ್ಟಿಗಳ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಇದನ್ನೇ ಅವಲಂಬಿಸಿದೆ. ವ್ಯಕ್ತಿ, ಅವಿಭಕ್ತ ಕುಟುಂಬಕ್ಕೆ 1%, ಉಳಿದವರಿಗೆ 2%, ಪ್ಯಾನ್ ಕೊಡದಿದ್ದರೆ 20%. ಲೆಡ್ಜರ್‌ನ ಡಿಡಕ್ಟೀ ಟೈಪ್ (ತೆರಿಗೆ ಮುರಿಸಿಕೊಳ್ಳುವವರ ಬಗೆ) ಕಾಲಂನಲ್ಲಿ ಎಲ್ಲರಿಗೂ ಕಂಪನಿ ಎಂದೇ ಹಾಕಿ ಬಿಟ್ಟಿರುವುದು ಸಾಮಾನ್ಯ. ಪಟ್ಟಿಯನ್ನು ಆಲ್ಟ್+ಇ ಒತ್ತಿ ಎಕ್ಸೆಲ್‌ಗೆ ಕಳಿಸಿ, ಆರನೇ ಅಕ್ಷರ ಬೇರೆ ಕಾಲಂಗೆ ತೆಗೆದು, ಡಿಡಕ್ಟೀ ಟೈಪ್ ಪಕ್ಕದಲ್ಲಿಟ್ಟು ನೋಡಿದರೆ ತಪ್ಪುಗಳೆಲ್ಲ ಒಂದೇ ಸಲಕ್ಕೆ ಹೊರಬೀಳುತ್ತವೆ.

ಸಪ್ಲೈಯರ್ ಬದಲಾದಾಗ ಹಳೆ ಲೆಡ್ಜರ್ ತಿದ್ದಬೇಕೋ ಹೊಸದು ತೆರೆಯಬೇಕೋ ಎಂಬ ಗೊಂದಲಕ್ಕೆ ಉತ್ತರ ಪ್ಯಾನ್‌ನಲ್ಲಿದೆ. ಒಬ್ಬರೇ ನಡೆಸುತ್ತಿದ್ದ ಸಂಸ್ಥೆ ಪ್ರೈವೇಟ್ ಲಿಮಿಟೆಡ್ ಆದರೆ ಪ್ಯಾನ್ ಹೊಸದು, ಜಿಎಸ್‌ಟಿಐಎನ್ ಹೊಸದು, ಕಾನೂನಿನ ಲೆಕ್ಕದಲ್ಲಿ ಅದು ಬೇರೆಯೇ ವ್ಯಕ್ತಿ. ಅದೇ ಶೆಡ್ಡು, ಅದೇ ಮಾಲೀಕರು ಆದರೂ ಹೊಸ ಲೆಡ್ಜರ್ ತೆರೆಯಬೇಕು. ಹಳೆಯದರಲ್ಲಿ ನಂಬರ್ ಬದಲಿಸಿದರೆ ಹಳೆ ಬಿಲ್‌ಗಳು, ಟಿಡಿಎಸ್ ಎಲ್ಲ ತಪ್ಪು ಪ್ಯಾನ್ ಹೆಸರಿಗೆ ಹೋಗುತ್ತವೆ. ಪ್ಯಾನ್ ಅದೇ ಇದ್ದು ಕಾಂಪೋಸಿಷನ್‌ನಿಂದ ರೆಗ್ಯುಲರ್‌ಗೆ ಬಂದಿದ್ದರೆ, ವಿಳಾಸ ಬದಲಾಗಿದ್ದರೆ, ಅದೇ ಲೆಡ್ಜರ್ ಸಾಕು. 3.0ರಿಂದ ಟ್ಯಾಲಿ ಇಂಥ ಬದಲಾವಣೆಯನ್ನು ಯಾವ ದಿನಾಂಕದಿಂದ ಎಂದು ಕೇಳಿ ಇಟ್ಟುಕೊಳ್ಳುತ್ತದೆ, ಹಿಂದಿನ ಬಿಲ್‌ಗಳಿಗೆ ಹಿಂದಿನ ವಿವರವೇ ಉಳಿಯುತ್ತದೆ. ಈ ಒಂದು ಸೌಲಭ್ಯಕ್ಕಾಗಿಯೇ ಹಳೆ ಟ್ಯಾಲಿ ಇಆರ್‌ಪಿ 9 ಬಿಟ್ಟು ಬರಬಹುದು.

ಹೆಸರಿನ ವಿಷಯದಲ್ಲಿ ಟ್ಯಾಲಿ ಸೋಲುತ್ತದೆ. ಒಂದೇ ಹೆಸರಿನ ಎರಡು ಲೆಡ್ಜರ್‌ಗೆ ಬಿಡುವುದಿಲ್ಲ ನಿಜ. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಶ್ರೀ’ ಬರೆಯಲು ಮೂರು ಬಗೆ, ‘ಲಕ್ಷ್ಮಿ’ಗೆ ಎರಡು ಬಗೆ, ‘ಎಂಜಿನಿಯರಿಂಗ್’ ಪೂರ್ತಿ ಒಮ್ಮೆ, ಮೊಟಕಾಗಿ ಒಮ್ಮೆ. ಹೀಗೆ ಶ್ರೀ ಲಕ್ಷ್ಮಿ ಎಂಜಿನಿಯರಿಂಗ್ ಎಂಬ ಒಂದೇ ಪಾರ್ಟಿ ಮೂರು ನಾಲ್ಕು ರೂಪದಲ್ಲಿ ಕೂತಿರುತ್ತದೆ, ಜಿಎಸ್‌ಟಿಐಎನ್ ಒಂದೇ ಆದರೂ ಟ್ಯಾಲಿ ತಡೆಯುವುದಿಲ್ಲ. ಇದರಿಂದ ಆಗುವ ನಷ್ಟ ಸಣ್ಣದಲ್ಲ: ಒಂದರಲ್ಲಿ ಅಡ್ವಾನ್ಸ್, ಇನ್ನೊಂದರಲ್ಲಿ ಬಾಕಿ; ಅದೇ ಬಿಲ್‌ಗೆ ಎರಡು ಸಲ ಪಾವತಿ; ಒಬ್ಬ ಸಪ್ಲೈಯರ್‌ನಿಂದ ವರ್ಷಕ್ಕೆ 50 ಲಕ್ಷ ದಾಟಿದ ಖರೀದಿಗೆ ಟಿಡಿಎಸ್ ಹಿಡಿಯಬೇಕಾದ ಕಂಪನಿಗೆ ಆ ಮಿತಿ ದಾಟಿದ್ದೇ ಕಾಣದಿರುವುದು. ಹೆಸರನ್ನು ಜಿಎಸ್‌ಟಿ ಪ್ರಮಾಣಪತ್ರದಲ್ಲಿ ಇದ್ದಂತೆಯೇ ಬರೆಯುವುದು, ರೂಢಿಯ ಹೆಸರನ್ನು ಏಲಿಯಾಸ್ ಕಾಲಂನಲ್ಲಿ ಹಾಕುವುದು ಇದಕ್ಕೆ ಮದ್ದು. ಏಲಿಯಾಸ್‌ನಲ್ಲಿ ಕಂಪನಿಯದೇ ಸಪ್ಲೈಯರ್ ಕೋಡ್ ಕೊಟ್ಟರೆ ಹುಡುಕುವುದೂ ಸುಲಭ. ಆಗಲೇ ಆಗಿಹೋದ ಜೋಡಿಗಳಲ್ಲಿ ವ್ಯವಹಾರ ನಡೆದ ಲೆಡ್ಜರ್ ಅಳಿಸಲು ಬರುವುದಿಲ್ಲ. ಬಾಕಿಯನ್ನು ಬಿಲ್‌ವಾರು ಜರ್ನಲ್ ಮೂಲಕ ಸರಿಯಾದ ಲೆಡ್ಜರ್‌ಗೆ ಒಯ್ದು, ಹಳೆಯದರ ಹೆಸರಿನ ಮುಂದೆ ‘ಬಳಸಬೇಡಿ’ ಸೇರಿಸಿ. ಮೊತ್ತ ಒಟ್ಟಾಗಿ ಒಯ್ದರೆ ಯಾವ ಬಿಲ್ ಬಾಕಿ ಎನ್ನುವುದು ಕಳೆದುಹೋಗುತ್ತದೆ.

ಉದ್ಯಮ್ ವಿವರಕ್ಕೆ ಬರೋಣ. 2024ರ 4.1 ಆವೃತ್ತಿಯಿಂದ ಲೆಡ್ಜರ್‌ನಲ್ಲೇ ಉದ್ಯಮ್ ಸಂಖ್ಯೆ, ಸೂಕ್ಷ್ಮವೋ ಸಣ್ಣದೋ ಮಧ್ಯಮವೋ, ತಯಾರಿಕೆಯೋ ಸೇವೆಯೋ ವ್ಯಾಪಾರವೋ ಎಂಬ ಕಾಲಂಗಳು ಬಂದಿವೆ. 2023-24ರ ಲೆಕ್ಕದಿಂದ ಜಾರಿಯಾದ, 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ನಿಯಮದಿಂದಾಗಿ ಇವು ನೇರವಾಗಿ ತೆರಿಗೆಗೆ ಮುಟ್ಟುತ್ತವೆ. ಸೂಕ್ಷ್ಮ, ಸಣ್ಣ ಸಪ್ಲೈಯರ್‌ಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಅವಧಿ ಮೀರಿದ್ದು ಮಾರ್ಚ್ 31ಕ್ಕೂ ಬಾಕಿ ಇದ್ದರೆ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಆ ವರ್ಷದ ಆದಾಯದಿಂದ ಕಳೆಯಲು ಬರದು, ಹಣ ಕೊಟ್ಟ ವರ್ಷ ಕಳೆಯಬಹುದು. ಮಧ್ಯಮ ಉದ್ಯಮಕ್ಕೆ ಈ ನಿಯಮವಿಲ್ಲ. ಉದ್ಯಮ್ ಇದ್ದರೂ ಬರೀ ವ್ಯಾಪಾರ ಮಾಡುವ ಸ್ಟೀಲ್ ಟ್ರೇಡರ್‌ಗೂ ಇಲ್ಲ. ಹಾಗಾಗಿ ಚಟುವಟಿಕೆಯ ಕಾಲಂ ತಪ್ಪಾದರೆ ಟ್ರೇಡರ್‌ಗೆ ಅವಸರದಲ್ಲಿ ಹಣ ಹೋಗುತ್ತದೆ, ಹೀಟ್ ಟ್ರೀಟ್‌ಮೆಂಟ್ ಮಾಡಿಕೊಟ್ಟವರು ಕಾಯುತ್ತಾರೆ. ದುಡಿಮೆಯ ಬಂಡವಾಳಕ್ಕೆ ದಿನ ಎಣಿಸುವ ಸಣ್ಣ ಶಾಪಿನವರಿಗೆ ಅದು ನಿಜವಾದ ಏಟು. ಕೊಡುವ ಕಂಪನಿಗೂ ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ ಬೀಳುತ್ತದೆ.

ಈ ಕಾಲಂ ಒಮ್ಮೆ ತುಂಬಿದರೆ ಮುಗಿಯಿತು ಎನ್ನುವ ಹಾಗಿಲ್ಲ. ಹೂಡಿಕೆ, ವಹಿವಾಟು ನೋಡಿ ವರ್ಗ ಬದಲಾಗುತ್ತದೆ. 2025ರ ಏಪ್ರಿಲ್ 1ರಿಂದ ಮಿತಿಗಳೇ ಏರಿವೆ: ಸೂಕ್ಷ್ಮಕ್ಕೆ ವಹಿವಾಟು 10 ಕೋಟಿ, ಸಣ್ಣದಕ್ಕೆ 100 ಕೋಟಿ. ಅದುವರೆಗೆ ಮಧ್ಯಮ ಎಂದಿದ್ದ ಹಲವರು ಸಣ್ಣ ವರ್ಗಕ್ಕೆ ಬಂದಿದ್ದಾರೆ, ಅವರ ಲೆಡ್ಜರ್ ಹಾಗೇ ಇದ್ದರೆ 45 ದಿನದ ಎಚ್ಚರಿಕೆ ಬರುವುದೇ ಇಲ್ಲ. ಜೊತೆಗೆ ಬಿಲ್‌ವೈಸ್ (ಬಿಲ್‌ವಾರು ಬಾಕಿ ಲೆಕ್ಕ) ಆನ್ ಮಾಡಿ ಕ್ರೆಡಿಟ್ ದಿನಗಳ ಕಾಲಂನಲ್ಲಿ 15 ಅಥವಾ ಒಪ್ಪಂದದ ದಿನ ಹಾಕಿರಬೇಕು, ಇಲ್ಲದಿದ್ದರೆ ಬಾಕಿ ಪಟ್ಟಿ ಯಾವುದನ್ನೂ ಅವಧಿ ಮೀರಿದ್ದು ಎಂದು ಸರಿಯಾಗಿ ತೋರಿಸದು.

ಎಲ್ಲಕ್ಕಿಂತ ಅಪಾಯದ ಕಾಲಂ ಬ್ಯಾಂಕ್ ಖಾತೆ, ಮತ್ತು ಟ್ಯಾಲಿಯ ದೊಡ್ಡ ಕೊರತೆಯೂ ಅಲ್ಲೇ ಇದೆ. ಒಬ್ಬರು ಬದಲಿಸಿ ಇನ್ನೊಬ್ಬರು ಒಪ್ಪುವವರೆಗೆ ಹಳೆ ಖಾತೆಯೇ ಚಾಲ್ತಿಯಲ್ಲಿರುವ ಎರಡು ಹಂತದ ವ್ಯವಸ್ಥೆ ಲೆಡ್ಜರ್ ಪುಟದಲ್ಲಿ ಇಲ್ಲ. ತಿದ್ದಿದ ಕ್ಷಣದಿಂದ ಮುಂದಿನ ಪೇಮೆಂಟ್ ವೋಚರ್ ಹೊಸ ಖಾತೆಯನ್ನೇ ಎತ್ತಿಕೊಳ್ಳುತ್ತದೆ. ನೆಫ್ಟ್‌ನಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಮೋಸಗಾರರಿಗೆ ಇದು ಚೆನ್ನಾಗಿ ಗೊತ್ತು. ಸಪ್ಲೈಯರ್ ಇಮೇಲ್‌ನಂತೆಯೇ ಕಾಣುವ, ಒಂದಕ್ಷರ ಆಚೀಚೆ ಇರುವ ವಿಳಾಸದಿಂದ ‘ನಮ್ಮ ಬ್ಯಾಂಕ್ ಬದಲಾಗಿದೆ’ ಎಂಬ ಪತ್ರ ಬರುತ್ತದೆ, ಲೆಟರ್‌ಹೆಡ್ ಸಹಿತ.

ಪತ್ರದಲ್ಲಿ ಕೊಟ್ಟ ನಂಬರ್‌ಗೆ ಎಂದೂ ಫೋನ್ ಮಾಡಬೇಡಿ. ಲೆಡ್ಜರ್ ತೆರೆದಾಗ ಸೀಲ್ ಹಾಕಿ ಕೊಟ್ಟ ಹಾಳೆಯ ನಂಬರ್‌ಗೇ ಮಾಡಿ ಕೇಳಿ. ಹೊಸ ಕ್ಯಾನ್ಸಲ್ ಚೆಕ್ ತರಿಸಿ. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್‌ಗೆ ಫಲಾನುಭವಿಯ ಹೆಸರು ತೋರಿಸುವ ಸೌಲಭ್ಯ ಬ್ಯಾಂಕುಗಳು ಕೊಡಬೇಕಾಗಿದೆ, ಹಣ ಕಳಿಸುವ ಮುನ್ನ ಅದನ್ನು ನೋಡಿ. ನಂತರ ಒಂದು ರೂಪಾಯಿ ಕಳಿಸಿ, ಬಂತೆಂದು ಅದೇ ಹಳೆ ನಂಬರಿನವರ ಬಾಯಲ್ಲಿ ಕೇಳಿಯೇ ಲೆಡ್ಜರ್ ತಿದ್ದಿ. ಖಾತೆ ತಿದ್ದುವವರು, ಹಣ ಬಿಡುಗಡೆ ಮಾಡುವವರು ಒಬ್ಬರೇ ಆಗಬಾರದು. ಟ್ಯಾಲಿಪ್ರೈಮ್ ಎಡಿಟ್ ಲಾಗ್ ಬಳಸುತ್ತಿದ್ದರೆ ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಲೆಡ್ಜರ್‌ಗೂ ಸಿಗುತ್ತದೆ. 2023ರ ಏಪ್ರಿಲ್‌ನಿಂದ ಕಂಪನಿಗಳಿಗೆ ಇಂಥ ಜಾಡು ಕಡ್ಡಾಯ. ಅದನ್ನು ಆಡಿಟರ್‌ಗೆ ಬಿಡದೆ ದೊಡ್ಡ ಪೇಮೆಂಟ್ ದಿನದ ಮುನ್ನ ತೆರೆದು ನೋಡುವ ರೂಢಿ ಇಟ್ಟುಕೊಳ್ಳಿ.

ಇನ್ನೊಂದು ಮಾತು, ನಮ್ಮ ಕಡೆಯವರಿಗೆ ವಿಶೇಷವಾಗಿ. ಬ್ಯಾಂಕ್ ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿಯ 11 ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ. ಕರ್ನಾಟಕದಲ್ಲಿ ಹುಟ್ಟಿದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ವಿಲೀನವಾದವು. ಸಿಂಡಿಕೇಟಿನ ಹಳೆ ಕೋಡ್‌ಗಳು 2021ರ ಜುಲೈ 1ರಿಂದ ನಿಂತವು. ಈಗಲೂ ಎಸ್‌ಬಿಎಂವೈ, ವಿಐಜೆಬಿ, ಎಸ್‌ವೈಎನ್‌ಬಿ, ಸಿಒಆರ್‌ಪಿ ಎಂದು ಶುರುವಾಗುವ ಕೋಡ್ ಲೆಡ್ಜರ್‌ನಲ್ಲಿ ಇದ್ದರೆ ಆ ಪಾರ್ಟಿಯ ವಿವರ ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ ಎಂದೇ ಅರ್ಥ. ಎಕ್ಸೆಲ್‌ನಲ್ಲಿ ಮೊದಲ ನಾಲ್ಕು ಅಕ್ಷರದ ಮೇಲೆ ಫಿಲ್ಟರ್ ಹಾಕಿ, ಸಿಕ್ಕವರ ಬೇರೆ ಕಾಗದಗಳನ್ನೂ ಹೊಸದಾಗಿ ತರಿಸಿ.

ತಿಂಗಳ ತಪಾಸಣೆಗೆ ಪ್ರತ್ಯೇಕ ದಿನ ಬೇಕಿಲ್ಲ. 14ನೇ ತಾರೀಖು ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪೋರ್ಟಲ್ ಪಟ್ಟಿ) ಬಂದಾಗ ಟ್ಯಾಲಿಯಲ್ಲಿ ತಾಳೆ ಹಾಕುತ್ತೀರಲ್ಲ, ಅಲ್ಲೇ ದಾಖಲೆಯ ತಪ್ಪೂ ಸಿಗುತ್ತದೆ. ಒಂದೇ ಮೊತ್ತದ ಬಿಲ್ ಒಂದು ಕಡೆ ಪುಸ್ತಕದಲ್ಲಿ ಮಾತ್ರ, ಇನ್ನೊಂದು ಕಡೆ ಪೋರ್ಟಲ್‌ನಲ್ಲಿ ಮಾತ್ರ ಕಂಡರೆ ಲೆಡ್ಜರ್‌ನ ಜಿಎಸ್‌ಟಿಐಎನ್ ತಪ್ಪಾಗಿರುವ ಸಂಭವವೇ ಹೆಚ್ಚು. ವೋಚರ್ ಮಾತ್ರ ತಿದ್ದಿ ಬಿಟ್ಟರೆ ಮುಂದಿನ ತಿಂಗಳು ಅದೇ ಗೋಳು, ಲೆಡ್ಜರ್ ತಿದ್ದಿ. ಏಪ್ರಿಲ್‌ನಲ್ಲಿ ಉದ್ಯಮ್ ಪ್ರಮಾಣಪತ್ರ ಮತ್ತೆ ತರಿಸುವುದು, ಎರಡು ವರ್ಷದಿಂದ ವ್ಯವಹಾರವಿಲ್ಲದವರನ್ನು ಬೇರೆ ಗುಂಪಿಗೆ ಸರಿಸುವುದು, ಇವೆರಡಕ್ಕೆ ಚಾರ್ಟ್ ಆಫ್ ಅಕೌಂಟ್ಸ್‌ನಲ್ಲಿ ಆಲ್ಟ್+ಎಚ್ ಒತ್ತಿ ಹಲವು ಲೆಡ್ಜರ್ ಒಟ್ಟಿಗೆ ತಿದ್ದುವ ಪುಟ ಅನುಕೂಲ.

ನಾಲ್ಕೈದು ರಾಜ್ಯಗಳಲ್ಲಿ ಘಟಕ, ಸಾವಿರಾರು ಸಪ್ಲೈಯರ್, ಖಾತೆ ಬದಲಾವಣೆಗೆ ಎರಡು ಸಹಿ ಬೇಕೆನ್ನುವ ಕಂಪನಿಗಳಿಗೆ ಇದು ಹೊಂದದು. ಅವರು ಸಪ್ಲೈಯರ್ ತಾನೇ ಕಾಗದ ಏರಿಸುವ ಪೋರ್ಟಲ್ ಇರುವ ದೊಡ್ಡ ವ್ಯವಸ್ಥೆ ನೋಡಬೇಕು. ಉಳಿದವರು ಕೊಳ್ಳುವಾಗ ಇದೊಂದು ಗಮನಿಸಿ: ಸಿಲ್ವರ್ ಲೈಸೆನ್ಸ್ ಒಬ್ಬರ ಬಳಕೆಗೆ, ಗೋಲ್ಡ್ ಒಂದೇ ಆಫೀಸಿನ ಹಲವರ ಬಳಕೆಗೆ. ಸಿಲ್ವರ್‌ನಲ್ಲಿ ಒಂದೇ ಕಂಪ್ಯೂಟರ್ ಹಂಚಿಕೊಳ್ಳುವವರೂ ಪ್ರತಿಯೊಬ್ಬರಿಗೂ ಬೇರೆ ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿಕೊಳ್ಳಿ. ಎಲ್ಲರೂ ಅಡ್ಮಿನ್ ಹೆಸರಲ್ಲೇ ಒಳಹೋದರೆ ಎಡಿಟ್ ಲಾಗ್‌ನಲ್ಲಿ ಅಡ್ಮಿನ್ ಬಿಟ್ಟು ಬೇರೆ ಹೆಸರೇ ಸಿಗುವುದಿಲ್ಲ.