ಮುಟ್ಟದೆ ಅಳೆಯುವ ಲೇಸರ್ ಸೆನ್ಸರ್: ಹಾಸನದ ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ

ಹಾಸನದ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಕಾಫಿ ಪಲ್ಪರ್‌ಗಳಿಗೆ ಶಾಫ್ಟ್ ಮಾಡಿಕೊಡುತ್ತೇವೆ. ಶಾಫ್ಟ್ ತಿರುಗುವಾಗ ಎಷ್ಟು ಹೊಯ್ದಾಡುತ್ತದೆ ಎಂಬುದನ್ನು, ಅಂದರೆ ರನ್‌ಔಟನ್ನು, ಮೊದಲು ಮೊನೆ ತಾಗಿಸಿ ಅಳೆಯುವ ಡಯಲ್ ಗೇಜ್ ಇಟ್ಟು ನೋಡುತ್ತಿದ್ದೆವು. ಕೀ‌ವೇ (ಶಾಫ್ಟಿನ ಮೇಲೆ ಕೊರೆದ ಉದ್ದನೆಯ ತೋಡು) ಬಂದಾಗಲೆಲ್ಲ ಗೇಜಿನ ಮೊನೆ ಸಿಕ್ಕಿಕೊಳ್ಳುತ್ತಿದ್ದುದರಿಂದ ನಾಲ್ಕು ವರ್ಷಗಳ ಹಿಂದೆ 10 ಮಿ.ಮೀ. ವ್ಯಾಪ್ತಿಯ ಲೇಸರ್ ಸೆನ್ಸರೊಂದನ್ನು ತರಿಸಿದೆವು. ಅದರ ಕೆಂಪು ಚುಕ್ಕಿ ಶಾಫ್ಟಿನ ಮೇಲೆ ಬಿದ್ದು ಚದುರಿದ ಬೆಳಕನ್ನು ಲೆನ್ಸೊಂದು ಓರೆಯಿಂದ ಹಿಡಿದು ಒಳಗಿನ, ಕ್ಯಾಮೆರಾದಲ್ಲಿರುವಂತೆ ಬೆಳಕನ್ನು ಗುರುತಿಸುವ ಸಿಮಾಸ್ ಚಿಪ್ಪಿನ ಮೇಲೆ ಬೀಳಿಸುತ್ತದೆ. ಶಾಫ್ಟ್ ಹತ್ತಿರವಾದಂತೆ, ದೂರವಾದಂತೆ ಚಿಪ್ಪಿನ ಮೇಲಿನ ಚುಕ್ಕಿಯೂ ಸರಿಯುವುದರಿಂದ ದೂರ ಲೆಕ್ಕಕ್ಕೆ ಸಿಗುತ್ತದೆ.

1 ಮೈಕ್ರಾನ್‌ವರೆಗೆ (ಮೈಕ್ರಾನ್ ಎಂದರೆ ಮಿ.ಮೀ.ಯ ಸಾವಿರದ ಒಂದು ಭಾಗ) ಗುರುತಿಸುತ್ತದೆ ಎಂದು ಕೈಪಿಡಿಯಲ್ಲಿ ಬರೆದಿತ್ತು, ನಮಗೆ ಕಂಡದ್ದು 3 ಮೈಕ್ರಾನ್‌ಗಳ ಜಿಗಿತ. ದೋಷ ಸೆನ್ಸರಿನದಾಗಿರಲಿಲ್ಲ. 10 ಮಿ.ಮೀ. ಅಂತರವನ್ನು ಅದು 4ರಿಂದ 20 ಮಿಲಿಆಂಪ್ ಕರೆಂಟಾಗಿ ಕೊಡುತ್ತದೆ, ಅಂದರೆ 1 ಮಿಲಿಆಂಪಿಗೆ 625 ಮೈಕ್ರಾನ್; ನಮ್ಮ ಪಿಎಲ್‌ಸಿಯ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) 12 ಬಿಟ್ ಕಾರ್ಡ್ 0–20 ಮಿಲಿಆಂಪನ್ನು 4096 ಮೆಟ್ಟಿಲುಗಳಾಗಿ ಮಾತ್ರ ಒಡೆಯುವುದರಿಂದ ಒಂದೊಂದು ಮೆಟ್ಟಿಲೂ ಸುಮಾರು 3 ಮೈಕ್ರಾನ್ ಆಗುತ್ತದೆ. ಸೀರಿಯಲ್ ಕೇಬಲಿನಿಂದ ನೇರವಾಗಿ ಅಂಕಿ ಓದಲು ಶುರುಮಾಡಿದ ಮೇಲೆ ಆ ಜಿಗಿತ ನಿಂತಿತು.

ಇದಕ್ಕಿಂತ ಹೆಚ್ಚು ಕಾಡಿದ್ದು ಸೆನ್ಸರನ್ನು ಹಿಡಿದಿಡಲು ನಾವೇ ಮಾಡಿದ 200 ಮಿ.ಮೀ. ಉದ್ದದ ಅಲ್ಯೂಮಿನಿಯಂ ಬ್ರಾಕೆಟ್. ಅಲ್ಯೂಮಿನಿಯಂ ಮೀಟರಿಗೆ, ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಹಾಸನದ ಚಳಿಗಾಲದಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಶೆಡ್ಡಿನೊಳಗೆ 10 ಡಿಗ್ರಿ ವ್ಯತ್ಯಾಸವಾದರೆ ಬ್ರಾಕೆಟ್ ಒಂದೇ 46 ಮೈಕ್ರಾನ್ ಬೆಳೆದಿರುತ್ತದೆ. ರನ್‌ಔಟ್ ಒಂದು ಸುತ್ತಿನೊಳಗೇ ಮುಗಿಯುವ ಅಳತೆಯಾದ್ದರಿಂದ ಅದಕ್ಕೆ ಇದರಿಂದ ತೊಂದರೆಯಿಲ್ಲ; ವ್ಯಾಸವನ್ನು ಇದೇ ಸೆನ್ಸರಿನಿಂದ ನೋಡಹೊರಟಾಗ ಮಾತ್ರ ಬೆಳಿಗ್ಗೆ ಪಾಸಾದ ಶಾಫ್ಟ್ ಮಧ್ಯಾಹ್ನ ಫೇಲಾಗುತ್ತಿತ್ತು. ಈಗ ಸೆನ್ಸರನ್ನು ಅರ್ಧ ಗಂಟೆ ಮೊದಲೇ ಆನ್ ಮಾಡಿ, ವ್ಯಾಸ ನೋಡುವ ಮುಂಚೆ ಪ್ರತಿಸಲವೂ ಅಳತೆ ಗೊತ್ತಿರುವ ಮಾಸ್ಟರ್ ಪೀಸ್ ಇಟ್ಟು ಸೊನ್ನೆ ಮಾಡಿಕೊಳ್ಳುತ್ತೇವೆ.

ಲೇತಿನಲ್ಲಿ ಟರ್ನಿಂಗ್ ಆದ ಮಾಸಲು ಮೈಯ ಮೇಲೆ ಅಳತೆ ನಂಬಿಕೆಗೆ ಅರ್ಹವಾಗಿದೆ. ಕ್ರೋಮ್ ಹಾಕಿದ ಶಾಫ್ಟುಗಳು ಕನ್ನಡಿಯಂತೆ ಬೆಳಕನ್ನು ಒಂದೇ ಕಡೆಗೆ ಎಸೆಯುವುದರಿಂದ ಅಂಕಿ ಕುಣಿಯುತ್ತದೆ; ಅವುಗಳಿಗೆ ಇಂದಿಗೂ ಡಯಲ್ ಗೇಜೇ ಗತಿ.

ಮೂರನೆಯ ವರ್ಷ ನಮ್ಮ ಹುಡುಗನೊಬ್ಬ ಕೂಲಂಟ್ (ಲೇತಿನಲ್ಲಿ ತಣಿಸಲು ಸುರಿಯುವ ದ್ರವ) ಸಿಡಿದ, ಸೆನ್ಸರಿನ ಕಿಟಕಿಯ ಗಾಜನ್ನು ಕೈಗೆ ಸಿಕ್ಕ ಬನಿಯನ್ ವೇಸ್ಟಿನಿಂದ ಒರೆಸಿದ. ಬಟ್ಟೆಯಲ್ಲಿದ್ದ ಕಬ್ಬಿಣದ ಪುಡಿ ಗಾಜಿನ ಮೇಲೆ ಕೂದಲೆಳೆಯಂಥ ನಾಲ್ಕು ಗೀರು ಎಳೆದಿತ್ತು, ಲೇಸರ್ ಹೊತ್ತಿಸಿದರೆ ಗಾಜೇ ಕೆಂಪಾಗಿ ಮಂಜುಗಟ್ಟಿದಂತೆ ಕಾಣುತ್ತಿತ್ತು. ಗಾಜನ್ನು ಬಿಡಿಯಾಗಿ ಕೊಡುವುದಿಲ್ಲ, ಸೆನ್ಸರನ್ನೇ ಕಳಿಸಬೇಕು ಎಂದರು ಮಾರಿದವರು. ಕಳಿಸಿದೆವು; ಕಾಫಿ ಕೊಯ್ಲು ಶುರುವಾಗುವ ನವೆಂಬರಿನಲ್ಲೇ ಆರು ವಾರ ಅದು ನಮ್ಮ ಕೈಯಲ್ಲಿರಲಿಲ್ಲ. ಕೊಳ್ಳುವವರು ರೇಟು ಕೇಳುವ ಮೊದಲು ಗಾಜು ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಲಿ.