ಹಳೇ ಡೆಸ್ಕ್‌ಟಾಪೇ ಸ್ಟೋರೇಜ್ ಸರ್ವರ್: ನಾಲ್ಕು ವರ್ಷದ ಕರೆಂಟ್ ಲೆಕ್ಕ

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಡೆಸ್ಕ್‌ಟಾಪನ್ನು ಮನೆಯ ಸ್ಟೋರೇಜ್ ಸರ್ವರ್ ಮಾಡಿಕೊಂಡು ನಾಲ್ಕು ವರ್ಷವಾಯಿತು. ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600 ಪ್ರೊಸೆಸರ್, ಅಂದರೆ 2007ರ ಮಾಲು. ನಾಲ್ಕು ಹಾರ್ಡ್ ಡಿಸ್ಕ್, ಮೇಲೆ ಓಪನ್‌ಮೀಡಿಯಾವಾಲ್ಟ್ ಅನ್ನುವ ಸರ್ವರ್ ತಂತ್ರಾಂಶ. ಫೈಲ್ ಇಟ್ಟುಕೊಳ್ಳುವ ಕೆಲಸದಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ. ಆ ಬಗ್ಗೆ ಇಷ್ಟು ಸಾಕು. ಹೇಳಬೇಕಾಗಿರುವುದು ಕರೆಂಟಿನ ವಿಷಯ.

ಮೊದಲ ವರ್ಷ ನಾನು ಅಳೆಯಲೇ ಇಲ್ಲ. ಯಾರೂ ಬಳಸದಿದ್ದಾಗ ಅದೇನು ಮಹಾ ಎಳೆಯುತ್ತೆ ಅಂದುಕೊಂಡಿದ್ದೆ. ಒಂದು ರಾತ್ರಿ ಅಮ್ಮ ಎದ್ದು ಬಂದು, “ಎಲ್ಲರೂ ಮಲಗಿದ ಮೇಲೂ ಇದು ಯಾರಿಗೋಸ್ಕರ ಗುಂಯ್ ಅಂತಿದೆಯೋ?” ಅಂದರು. ಉತ್ತರ ಇರಲಿಲ್ಲ. ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ತಂದೆ. ಯಾರೂ ಮುಟ್ಟದೆ ಸುಮ್ನೆ ಕೂತಿದ್ದಾಗ 78 ವ್ಯಾಟ್!

ಒಂದು ವ್ಯಾಟ್ ವರ್ಷವಿಡೀ ಓಡಿದರೆ 8.76 ಯೂನಿಟ್. ಈ ಒಂದು ಸಂಖ್ಯೆ ನೆನಪಿದ್ದರೆ ಉಳಿದದ್ದು ಬರೀ ಗುಣಾಕಾರ. ನನ್ನ ಲೆಕ್ಕ 683 ಯೂನಿಟ್‌ಗೆ ಬಂತು. ಪ್ರೊಸೆಸರ್‌ನ ವಿವರದಲ್ಲಿ ಟಿಡಿಪಿ ಅಂತ ಬರೆದಿರುವ ವ್ಯಾಟ್ ಅಂಕಿ ನೋಡಿ ಕರೆಂಟ್ ಅಂದಾಜು ಮಾಡುವವರು ಬಹಳ ಜನ. ನಾನೂ ಹಾಗೇ ಮಾಡ್ತಿದ್ದೆ. ಆದರೆ ಅದು ಮೈತುಂಬ ಕೆಲಸ ಇದ್ದಾಗ ಕೂಲರ್ ಎಷ್ಟು ಬಿಸಿ ಹೊರಹಾಕಬೇಕು ಅನ್ನುವ ಲೆಕ್ಕ. ಮನೆಯ ಸರ್ವರ್ ದಿನಕ್ಕೆ ಇಪ್ಪತ್ಮೂರು ಗಂಟೆ ಏನೂ ಮಾಡುವುದಿಲ್ಲ. ಆ ‘ಏನೂ ಮಾಡದ’ ಹೊತ್ತಿನ ವ್ಯಾಟ್ ಎಷ್ಟು ಅನ್ನುವುದೇ ಮುಖ್ಯ.

ಮೊದಲು ಹೊರಗೆ ಬಂದದ್ದು ಗ್ರಾಫಿಕ್ಸ್ ಕಾರ್ಡ್. ಸರ್ವರ್‌ಗೆ ಮಾನಿಟರೇ ಇಲ್ಲ, ಕಾರ್ಡ್ ಯಾಕೆ? ಬೋರ್ಡಿನಲ್ಲೇ ಗ್ರಾಫಿಕ್ಸ್ ಇತ್ತು. 78 ಇದ್ದದ್ದು 61ಕ್ಕೆ ಇಳಿಯಿತು. ಐದು ನಿಮಿಷದ ಕೆಲಸ, ಒಂದು ಸ್ಕ್ರೂ.

ಆಮೇಲೆ ಪವರ್ ಸಪ್ಲೈ. ಅದು 500 ವ್ಯಾಟಿನದು. ಕರೆಂಟ್ ಕಡಿಮೆ ಪೋಲಾಗುತ್ತೆ ಅನ್ನುವ 80 ಪ್ಲಸ್ ಬ್ರಾಂಜ್ ಮುದ್ರೆ ಸಿಗುವುದು ಶೇ. 20, 50 ಮತ್ತು 100ರ ಲೋಡಿನಲ್ಲಿ ಪರೀಕ್ಷೆ ಪಾಸಾದರೆ. ನನ್ನದು ಓಡುತ್ತಿದ್ದದ್ದು ಶೇ. 12ಕ್ಕಿಂತಲೂ ಕೆಳಗೆ. ಅಷ್ಟು ಕೆಳಗೆ ಹೋದಾಗ ಎಷ್ಟು ಪೋಲಾಗುತ್ತೆ ಅನ್ನುವುದನ್ನು ಆ ಮುದ್ರೆ ಹೇಳುವುದೇ ಇಲ್ಲ. 300 ವ್ಯಾಟಿನದು ಹಾಕಿದೆ, ಇನ್ನೊಂದು 7 ವ್ಯಾಟ್ ಉಳಿಯಿತು. ಅದಕ್ಕಿಂತ ಚಿಕ್ಕದಕ್ಕೆ ಆಸೆಪಡಲಿಲ್ಲ. ಆನ್ ಮಾಡಿದ ಕ್ಷಣ ನಾಲ್ಕೂ ಡಿಸ್ಕ್ ಒಟ್ಟಿಗೆ ತಿರುಗಲು ಶುರುಮಾಡುತ್ತವಲ್ಲ, ಆಗ ಮೀಟರ್ ಕೆಲವು ಸೆಕೆಂಡು 170 ಮುಟ್ಟುತ್ತಿತ್ತು.

ನಿಜವಾಗಿ ತಲೆ ತಿಂದದ್ದು ಡಿಸ್ಕ್ ತಿರುಗುವುದನ್ನು ನಿಲ್ಲಿಸಿ ಮಲಗಿಸುವ ಕೆಲಸ. 3.5 ಇಂಚಿನ ಡಿಸ್ಕ್ ಸುಮ್ನೆ ತಿರುಗುತ್ತಿದ್ದರೂ 4–5 ವ್ಯಾಟ್ ಎಳೆಯುತ್ತೆ. ಡಿಸ್ಕ್ ಸೆಟ್ಟಿಂಗ್ ಬದಲಿಸುವ ಎಚ್‌ಡಿಪಾರ್ಮ್ ಅನ್ನುವ ಕಮಾಂಡ್‌ನಲ್ಲಿ 120 ಅಂತ ಕೊಟ್ಟೆ. ಅಲ್ಲಿ 240ರವರೆಗಿನ ಒಂದೊಂದು ಅಂಕಿಗೂ ಐದು ಸೆಕೆಂಡು, ಅಂದರೆ ಹತ್ತು ನಿಮಿಷ ಕೆಲಸವಿಲ್ಲದಿದ್ದರೆ ನಿದ್ದೆ. ಮಲಗಿದವು ಕೂಡ. ಇಪ್ಪತ್ತು ದಿನ ಬಿಟ್ಟು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಸ್ಮಾರ್ಟ್ ವಿವರ ತೆಗೆದು ನೋಡಿದರೆ, ಎಷ್ಟು ಸಲ ನಿಂತು ಮತ್ತೆ ತಿರುಗಿತು ಅನ್ನುವ ಸ್ಟಾರ್ಟ್-ಸ್ಟಾಪ್ ಎಣಿಕೆ 960 ಏರಿಬಿಟ್ಟಿದೆ! ಹಲವು ಡೆಸ್ಕ್‌ಟಾಪ್ ಡಿಸ್ಕ್‌ಗಳಿಗೆ ಕಂಪನಿ ಹೇಳುವ ಮಿತಿಯೇ 50,000. ಹೀಗೇ ಹೋದರೆ ಮೂರು ವರ್ಷಕ್ಕೆ ಮುಗಿಯಿತು.

960 ಭಾಗಿಸು 20, ದಿನಕ್ಕೆ 48. ಅಂದರೆ ಸರಿಯಾಗಿ ಅರ್ಧ ಗಂಟೆಗೊಮ್ಮೆ ಯಾರೋ ಎಬ್ಬಿಸುತ್ತಿದ್ದಾರೆ. ಹುಡುಕಿದರೆ ಆ ಪುಣ್ಯಾತ್ಮ ಸ್ಮಾರ್ಟ್‌ಡಿ ಅನ್ನುವ ಪ್ರೋಗ್ರಾಮ್. ಡಿಸ್ಕ್ ಆರೋಗ್ಯವಾಗಿದೆಯಾ ಅಂತ 30 ನಿಮಿಷಕ್ಕೊಮ್ಮೆ ವಿಚಾರಿಸುವುದೇ ಅದರ ಕೆಲಸ. ಮಲಗಿದವರನ್ನು ಎಬ್ಬಿಸಿ ‘ನಿದ್ದೆ ಬಂತಾ’ ಅಂತ ಕೇಳಿದ ಹಾಗೆ! ಮಲಗಿದ್ದರೆ ಮುಟ್ಟಬೇಡ ಅನ್ನುವ ಸ್ಟ್ಯಾಂಡ್‌ಬೈ ಆಯ್ಕೆ ಅದರಲ್ಲೇ ಇದೆ. ಹಾಕಿದ ಮೇಲೆ ದಿನಕ್ಕೆ ಮೂರೋ ನಾಲ್ಕೋ ಸಲ ಅಷ್ಟೇ. ಎರಡು ಡಿಸ್ಕ್ ಹೆಚ್ಚಿನ ಹೊತ್ತು ಮಲಗೇ ಇರುವುದರಿಂದ ಒಟ್ಟು 46 ವ್ಯಾಟ್‌ಗೆ ಬಂತು. ಅದಕ್ಕಿಂತ ಕೆಳಗೆ ಆ ಯಂತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಹಾಗಾಗಿ ಮೂರನೇ ವರ್ಷ ಇನ್ನೊಂದು ಹಳೇ ಯಂತ್ರ ಮನೆಗೆ ಬಂತು. ಕೋರ್ ಐ5 4570, 2013ರ ಹ್ಯಾಸ್‌ವೆಲ್ ಪೀಳಿಗೆಯ ಪ್ರೊಸೆಸರ್, ಆಫೀಸಿನಿಂದ ಹೊರಬಿದ್ದದ್ದು. ಎರಡು ದೊಡ್ಡ ಡಿಸ್ಕ್ ಹಾಕಿ, ಎರಡೂ ತಿರುಗುತ್ತಿದ್ದಾಗಲೇ 27 ವ್ಯಾಟ್. ಇದೂ ಹಳೇದೇ ಅಲ್ವಾ? ಆದರೆ ಆರು ವರ್ಷದಲ್ಲಿ ಪ್ರೊಸೆಸರ್‌ಗಳು ಮಲಗುವುದನ್ನು ಚೆನ್ನಾಗಿ ಕಲಿತಿದ್ದವು.

ಒಂದು ಎಡವಟ್ಟು ಮಾಡಿಕೊಂಡೆ. ಇನ್ನೆರಡು ಡಿಸ್ಕ್ ಸೇರಿಸೋಣ ಅಂತ ಚಿಕ್ಕ ಸಾಟಾ ಕಾರ್ಡ್ ಸಿಕ್ಕಿಸಿದೆ. ಅದಕ್ಕೆ ಡಿಸ್ಕ್ ಜೋಡಿಸುವ ಮುಂಚೆಯೇ 11 ವ್ಯಾಟ್ ಜಾಸ್ತಿ! ಕಾರ್ಡ್ ತಾನಾಗಿ ಅಷ್ಟು ತಿನ್ನುವುದಿಲ್ಲ. ಯಾವುದು ಕರೆಂಟ್ ತಿನ್ನುತ್ತಿದೆ ಅಂತ ತೋರಿಸುವ ಪವರ್‌ಟಾಪ್ ಓಡಿಸಿದಾಗ ಗೊತ್ತಾಯಿತು, ಕಾರ್ಡ್ ತಾನು ಮಲಗದೆ ಇಡೀ ಪ್ರೊಸೆಸರನ್ನೂ ಆಳವಾದ ಸಿ-ಸ್ಟೇಟ್‌ಗೆ, ಅಂದರೆ ಗಾಢ ನಿದ್ದೆಗೆ, ಇಳಿಯಲು ಬಿಡುತ್ತಿರಲಿಲ್ಲ. ಕಿತ್ತೆ. ನಾಲ್ಕು ಚಿಕ್ಕ ಡಿಸ್ಕ್‌ಗಿಂತ ಎರಡು ದೊಡ್ಡದೇ ಸರಿ ಅಂತ ಆವತ್ತು ತೀರ್ಮಾನಿಸಿದೆ.

ಹಳೇ ಲ್ಯಾಪ್‌ಟಾಪ್ ಆಗುತ್ತಾ ಅಂತ ಕೇಳುವವರಿಗೆ: ಕರೆಂಟ್ ಇನ್ನೂ ಕಡಿಮೆ. ಆದರೆ ವರ್ಷಗಟ್ಟಲೆ ಚಾರ್ಜರ್‌ನಲ್ಲೇ ಇದ್ದ ಬ್ಯಾಟರಿ ಊದಿಕೊಳ್ಳುವುದುಂಟು, ಆಗಾಗ ಗಮನಿಸುತ್ತಿರಬೇಕು.

ಕ್ಯೂ6600ಗೆ ಈಗ ಬ್ಯಾಕಪ್ ಡ್ಯೂಟಿ. ಮೊದಲು ರಾತ್ರಿ ಎರಡಕ್ಕೆ ತಾನಾಗಿ ಎದ್ದು, ಒಂದು ಗಂಟೆ ಓಡಿ, ಆಫ್ ಆಗುವ ಹಾಗೆ ಬೋರ್ಡಿನ ಬಯೋಸ್ ಸೆಟ್ಟಿಂಗ್‌ನಲ್ಲಿ ಅಲಾರಂ ಇಟ್ಟಿದ್ದೆ. ಕೆಲಸದ ಹೊತ್ತಿನ 60 ವ್ಯಾಟ್ ಹಿಡಿದರೆ ವರ್ಷಕ್ಕೆ 22 ಯೂನಿಟ್, ಬಹಳ ಖುಷಿಯಾಗಿತ್ತು. ಮತ್ತೆ ಮೀಟರ್ ಹಾಕಿ ನೋಡಿದರೆ ಆಫ್ ಆಗಿದ್ದಾಗಲೂ 3 ವ್ಯಾಟ್. ಉಳಿದ 23 ಗಂಟೆಗೆ ಲೆಕ್ಕ ಹಾಕಿದರೆ 25 ಯೂನಿಟ್. ಓಡಿದ್ದಕ್ಕಿಂತ ಬಿದ್ದುಕೊಂಡದ್ದಕ್ಕೇ ಜಾಸ್ತಿ. ಈಗ ಅಲಾರಂ ತೆಗೆದಿದ್ದೇನೆ. ಭಾನುವಾರ ಬೆಳಿಗ್ಗೆ ಗೋಡೆಯ ಸ್ವಿಚ್ ಒತ್ತುತ್ತೇನೆ, ಬ್ಯಾಕಪ್ ಮುಗಿದ ಮೇಲೆ ಅಮ್ಮ ಆರಿಸುತ್ತಾರೆ.